571401ರ ಅಪವರ್ತನ: ವರ್ಗಮೂಲ ತೆಗೆಯಬೇಕಾದ್ದು ಯಾವ ಸಂಖ್ಯೆಗೆ?

571401 ನಮ್ಮ ಮಂಡ್ಯದ ಪಿನ್‌ಕೋಡ್. ಅಂಚೆಯಲ್ಲಿ ಬಂದ ಪುಸ್ತಕದ ಕವರ್ ಮೇಲೆ ಆರು ಚೌಕಗಳಲ್ಲಿ ಬರೆದಿತ್ತು. ಅದೇ ಕವರ್ ಬಿಚ್ಚಿ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಭಾಗ ಹೋಗುತ್ತೆ: 63489. ಅದರ ಮೊತ್ತ 30, ಇನ್ನೊಂದು 3 ಹೋಗುತ್ತೆ: 21163. ಇದರ ಮೊತ್ತ 13, ಇನ್ನು 3 ಹೋಗಲ್ಲ. ಅಂದರೆ 571401 = 3³ × 21163.

ಈಗ ಪ್ರಶ್ನೆ: 21163 ಅವಿಭಾಜ್ಯವೇ? ನಾನು ಎಡವಿದ್ದು ಇಲ್ಲಿ. ವರ್ಗಮೂಲದವರೆಗೆ ಪರೀಕ್ಷಿಸಿದರೆ ಸಾಕು ಅಂತ ಗೊತ್ತಿತ್ತು, ಆದರೆ ನಾನು 571401ರ ವರ್ಗಮೂಲ ಹಿಡಿದೆ. ಅದು 755 ಚಿಲ್ಲರೆ. ಅಷ್ಟರೊಳಗೆ 133 ಅವಿಭಾಜ್ಯಗಳಿವೆ. 200 ದಾಟುವಷ್ಟರಲ್ಲಿ ಕವರ್ ತುಂಬಿಹೋಯಿತು.

ಅಷ್ಟು ದೂರ ಹೋಗಬೇಕಾಗಿರಲಿಲ್ಲ. 3ನ್ನು ಪೂರ್ತಿ ತೆಗೆದಾಗಿದೆ. ಇನ್ನು 571401ನ್ನು ಭಾಗಿಸುವ ಬೇರೆ ಯಾವ ಅವಿಭಾಜ್ಯವಿದ್ದರೂ ಅದು 27ರೊಳಗೆ ಇರೋಕಾಗಲ್ಲ, 21163ರೊಳಗೇ ಇರಬೇಕು. ಹಾಗಾದರೆ 21163 = ಅ × ಬ ಅಂದುಕೊಳ್ಳಿ. ಎರಡೂ 146 ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಗುಣಲಬ್ಧ ಕನಿಷ್ಠ 146 × 146 = 21316 ಆಗುತ್ತೆ, 21163ನ್ನು ಮೀರಿಬಿಡುತ್ತೆ. ಆದ್ದರಿಂದ ಒಂದಾದರೂ 145ರೊಳಗೆ ಇರಲೇಬೇಕು. 145ರವರೆಗೆ ಅವಿಭಾಜ್ಯಗಳು 34. ಅದರಲ್ಲಿ 2, 3, 5 ನೋಡಿದ ಕೂಡಲೇ ಬಿಟ್ಟುಹೋಗುತ್ತವೆ, ಉಳಿಯೋದು 31 ಭಾಗಾಕಾರ.

ಮಾಡುವಾಗ 11ಕ್ಕೆ ಶೇಷ 10, 13ಕ್ಕೆ 12, 37ಕ್ಕೆ 36 ಬಂತು. ಮೂರು ಸಲವೂ ಒಂದೇ ಒಂದು ಕಡಿಮೆ! ಕೂಡಿಸಿ ನೋಡಿದರೆ 21164 = 4 × 11 × 13 × 37. ಆದರೆ 21163 ಮಾತ್ರ 139ರವರೆಗೂ ಯಾವುದಕ್ಕೂ ಬಗ್ಗಲಿಲ್ಲ. ಅದು ಅವಿಭಾಜ್ಯ.

ಇಷ್ಟಾದ ಮೇಲೆ ವರ್ಗೀಕರಣ ಸಲೀಸು. ಭಾಜಕಗಳು 4 × 2 = 8. ಅವುಗಳ ಮೊತ್ತ (1+3+9+27) × (1+21163) = 40 × 21164 = 846560. ಸಂಖ್ಯೆಯನ್ನೇ ಕಳೆದರೆ 275159, ಸಂಖ್ಯೆಗಿಂತ ಕಡಿಮೆ, ಆದ್ದರಿಂದ ನ್ಯೂನ ಸಂಖ್ಯೆ. ದೇವಳಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್ ಹೆಸರಿಟ್ಟ ಹರ್ಷದ ಸಂಖ್ಯೆಯೂ ಅಲ್ಲ: ಅದಕ್ಕೆ ಅಂಕಿಗಳ ಮೊತ್ತದಿಂದಲೇ ಭಾಗ ಹೋಗಬೇಕು, 18 ಸಮ, ಇದು ಬೆಸ. 9ರಿಂದ ಹೋದರೆ ಸಾಲದು. 4ರಿಂದ ಭಾಗಿಸಿದರೆ ಶೇಷ 1, ಆದರೂ ಎರಡು ವರ್ಗಗಳ ಮೊತ್ತವಾಗಿ ಬರೆಯೋಕಾಗಲ್ಲ, ಏಕೆಂದರೆ 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯಗಳ ಘಾತ ಸಮವಾಗಿರಬೇಕು, ಇಲ್ಲಿ 3ರ ಘಾತ ಬೆಸ. ವ್ಯತ್ಯಾಸವಾಗಿ ಬರೆಯಬಹುದು: 285701² − 285700².

ಮಿತಿ (ಉಳಿದ ಸಂಖ್ಯೆಯ ವರ್ಗಮೂಲ, ಪೂರ್ಣಾಂಕದಲ್ಲಿ) ಹೇಗೆ ಕುಸಿಯುತ್ತೆ ಅಂತ ಕಣ್ಣಾರೆ ನೋಡಬೇಕಾದರೆ ಶ್ರೀರಂಗಪಟ್ಟಣದ 571438 ತೆಗೆದುಕೊಳ್ಳಿ. 2 ತೆಗೆದರೆ 285719, ಮಿತಿ 534. ಒಂದು 7 ತೆಗೆದರೆ 40817, ಮಿತಿ 202. ಇನ್ನೊಂದು 7: 5831, ಮಿತಿ 76. ಮತ್ತೆ 833, ಮಿತಿ 28. ಮತ್ತೆ 119, ಮಿತಿ 10. ಐದನೇ 7 ತೆಗೆದಾಗ ಉಳಿದದ್ದು 17, ಮಿತಿ 4, ಇನ್ನು ಪರೀಕ್ಷಿಸಲು ಏನೂ ಇಲ್ಲ. 571438 = 2 × 7⁵ × 17.