ಒಂದೂವರೆ ಬೆರಳಿನ ದ್ರಾಕ್ಷಿತೋಟ

ಕೈಯನ್ನು ಮುಂದಕ್ಕೆ ಚಾಚಿ ಕಿರುಬೆರಳನ್ನು ಎತ್ತಿ ಹಿಡಿಯಿರಿ. ಅದರ ಅಗಲ ಕಣ್ಣಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ. ಫ್ರಾನ್ಸಿನ ಬರ್ಗಂಡಿಯಲ್ಲಿ ಒಂದು ದ್ರಾಕ್ಷಿಸಾಲಿಗೂ ಪಕ್ಕದ ಸಾಲಿಗೂ ಸುಮಾರು ಒಂದು ಮೀಟರ್ ಅಂತರ. 60 ಮೀಟರ್ ದೂರದಿಂದ ನೋಡಿದರೆ ಅದೂ ಒಂದು ಕಿರುಬೆರಳಿನಷ್ಟೇ. ಈಗ ಕ್ಯಾಮೆರಾದ ಷಟರ್ ಅರ್ಧ ಸೆಕೆಂಡು ತೆರೆದಿರಲಿ. ಆ ಅರ್ಧ ಸೆಕೆಂಡಿನಲ್ಲಿ ಕ್ಯಾಮೆರಾವನ್ನು ಒಂದೇ ವೇಗದಲ್ಲಿ ಎಡದಿಂದ ಬಲಕ್ಕೆ ಒಂದು ಬೆರಳಿನಷ್ಟು ತಿರುಗಿಸಿದರೆ ಆ ದೂರದ ಸಾಲುಗಳು ಚಿತ್ರದಿಂದ ಅಳಿಸಿಹೋಗುತ್ತವೆ. ಒಂದೂವರೆ ಬೆರಳಿನಷ್ಟು ತಿರುಗಿಸಿದರೆ ಮರಳಿ ಬರುತ್ತವೆ. ಆದರೆ ಅದಲುಬದಲಾಗಿ ಬರುತ್ತವೆ: ಬಳ್ಳಿ ಇರಬೇಕಾದಲ್ಲಿ ಮಣ್ಣು, ಮಣ್ಣು ಇರಬೇಕಾದಲ್ಲಿ ಬಳ್ಳಿ.

ಬೇಕೆಂದೇ ಕ್ಯಾಮೆರಾ ಅಲುಗಿಸಿ ಫೋಟೋ ತೆಗೆಯುವ ಈ ಪದ್ಧತಿಯನ್ನು ಛಾಯಾಗ್ರಾಹಕರು ಐಸಿಎಂ (ಇಂಟೆನ್ಷನಲ್ ಕ್ಯಾಮೆರಾ ಮೂವ್ಮೆಂಟ್) ಎಂದು ಕರೆಯುತ್ತಾರೆ. ಹೊಸದೇನಲ್ಲ, ಆಸ್ಟ್ರಿಯಾದಲ್ಲಿ ಹುಟ್ಟಿದ ಅರ್ನ್‌ಸ್ಟ್ ಹಾಸ್ 1950ರ ದಶಕದಲ್ಲೇ ಸ್ಪೇನಿನ ಗೂಳಿಕಾಳಗವನ್ನು ನಿಧಾನ ಷಟರ್‌ನಲ್ಲಿ ಹಿಡಿದು ಬಣ್ಣದ ಹೊಳೆಯನ್ನಾಗಿಸಿದ್ದರು. ಇಂದು ಇದು ಕಾಡು, ಕಡಲತೀರ, ದ್ರಾಕ್ಷಿತೋಟಗಳಿಗೆ ಬಂದು ನಿಂತಿದೆ. ಇಂಥ ಚಿತ್ರಗಳನ್ನು ‘ಕನಸಿನಂತಿದೆ’ ಎಂದು ಹೊಗಳಿ ಮುಂದೆ ಹೋಗುವವರೇ ಹೆಚ್ಚು. ನನಗೆ ಆ ಹೊಗಳಿಕೆ ಸಾಲದು. ಅಲುಗಾಟ ಎಲ್ಲವನ್ನೂ ಕಲಸುವುದಿಲ್ಲ. ಏನನ್ನು ಉಳಿಸಬೇಕು, ಏನನ್ನು ಅಳಿಸಬೇಕು ಎಂಬುದರಲ್ಲಿ ಅದು ಜರಡಿಯಷ್ಟೇ ಕಟ್ಟುನಿಟ್ಟು. ಅಳತೆಗೋಲಿನಂತೆ ಸಮನಾಗಿ ಗೆರೆ ಎಳೆದ ದ್ರಾಕ್ಷಿತೋಟದಲ್ಲಿ ಆ ಕಟ್ಟುನಿಟ್ಟು ಬರಿಗಣ್ಣಿಗೇ ಕಾಣುತ್ತದೆ.

ಬಳ್ಳಿಯ ಸಾಲು ಅರ್ಧ ಮೀಟರ್, ನಡುವಿನ ಮಣ್ಣಿನ ಓಣಿ ಅರ್ಧ ಮೀಟರ್ ಎಂದಿಟ್ಟುಕೊಳ್ಳೋಣ. ಕ್ಯಾಮೆರಾ ತಿರುಗುವಾಗ ಒಳಗೆ ಬೆಳಕು ಹಿಡಿಯುವ ಸೆನ್ಸರ್‌ನ ಒಂದೊಂದು ಬಿಂದುವಿನ ಮೇಲೂ ತೋಟದ ಒಂದು ಪಟ್ಟಿ ಹಾದುಹೋಗುತ್ತದೆ. ಬಿಂದು ಅದರ ಸರಾಸರಿಯನ್ನು ದಾಖಲಿಸುತ್ತದೆ. ಪಟ್ಟಿ ಸರಿಯಾಗಿ ಒಂದು ಮೀಟರ್ ಇದ್ದರೆ ಎಲ್ಲಿಂದ ಶುರುವಾದರೂ ಅದರಲ್ಲಿ ಅರ್ಧ ಬಳ್ಳಿ, ಅರ್ಧ ಮಣ್ಣು. ಎಲ್ಲ ಬಿಂದುಗಳಿಗೂ ಸಮಪಾಲು ಸಿಕ್ಕಿತು, ಸಾಲು ಮಾಯವಾಯಿತು. ಪಟ್ಟಿ ಒಂದೂವರೆ ಮೀಟರ್ ಇದ್ದರೆ? ಬಳ್ಳಿಯ ನಟ್ಟನಡುವೆ ಗುರಿಯಿಟ್ಟ ಬಿಂದುವಿಗೆ ನಡುವಿನ ಅರ್ಧ ಮೀಟರ್ ಬಳ್ಳಿ ದಕ್ಕುತ್ತದೆ. ಅದರ ಎರಡೂ ಬದಿಯ ಓಣಿಗಳು ಸೇರಿ ಒಂದು ಮೀಟರ್ ಮಣ್ಣು ದಕ್ಕುತ್ತದೆ. ಮಣ್ಣೇ ದುಪ್ಪಟ್ಟು. ಓಣಿಗೆ ಗುರಿಯಿಟ್ಟ ಬಿಂದುವಿನ ಲೆಕ್ಕ ಇದರ ತದ್ವಿರುದ್ಧ. ಹೀಗೆ ಇಲ್ಲದ ಜಾಗದಲ್ಲಿ ಸಾಲು ಮೂಡುತ್ತದೆ, ಮೊದಲಿಗಿಂತ ಮಂಕಾಗಿ.

ನಿಜವಾದ ತೋಟದಲ್ಲಿ ಸಾಲುಗಳು ನಮ್ಮಿಂದ ದೂರಕ್ಕೆ ಓಡುತ್ತವೆ, ಓಡುತ್ತ ಒತ್ತಾಗುತ್ತವೆ. ಎರಡು ಬೆರಳಿನಷ್ಟು ತಿರುಗಿಸಿದಿರಿ ಎನ್ನೋಣ. 30 ಮೀಟರ್ ದೂರದಲ್ಲಿ ಅದು ಒಂದು ಸಾಲಿನ ಅಂತರ, ಅಲ್ಲಿ ಗೆರೆಗಳಿಲ್ಲ. 45 ಮೀಟರ್ ಹೊತ್ತಿಗೆ ಒಂದೂವರೆ ಅಂತರ, ಅಲ್ಲಿ ತಿರುವುಮುರುವಾದ ಗೆರೆಗಳು. 60ರ ಹತ್ತಿರ ಮತ್ತೆ ಖಾಲಿ. ಒಂದೇ ಚಿತ್ರದಲ್ಲಿ ಸಾಲುಗಳು ಮುಳುಗಿ, ಎದ್ದು, ಮುಳುಗುತ್ತವೆ. ಕೈ ಯಂತ್ರದಂತೆ ಸಮವೇಗದಲ್ಲಿ ತಿರುಗುವುದಿಲ್ಲವಾದ್ದರಿಂದ ಈ ಪಟ್ಟೆಗಳ ಅಂಚು ಮೆತ್ತಗಿರುತ್ತದೆ, ಅಷ್ಟೇ.

ದಿಕ್ಕಿನ ಲೆಕ್ಕ ಇನ್ನೂ ಸುಲಭ. ರಂಗೋಲಿಯ ಗೆರೆಯ ಮೇಲೆ, ಗೆರೆಯ ಗುಂಟವೇ ಬೆರಳು ಎಳೆದರೆ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಅಡ್ಡ ಎಳೆದರೆ ಹರಡಿಹೋಗುತ್ತದೆ. ಕ್ಯಾಮೆರಾವನ್ನು ಮೇಲಿಂದ ಕೆಳಕ್ಕೆ ಎಳೆದಾಗ ಆಧಾರದ ಕಂಬಗಳು, ಎದುರಿಗೇ ನೇರ ಓಡುವ ಸಾಲುಗಳು ಉಳಿಯುತ್ತವೆ. ತಂತಿಗಳು, ಗುಡ್ಡದ ಅಂಚು, ಇಕ್ಕೆಲಗಳಲ್ಲಿ ಓರೆಯಾದ ಸಾಲುಗಳು ಕರಗುತ್ತವೆ.

ಅಂದಹಾಗೆ, ಬರ್ಗಂಡಿಯ ಈ ಅಚ್ಚುಕಟ್ಟು ಸಾಲುಗಳಿಗೆ ಒಂದು ಕೀಟಕ್ಕೂ ಕೃತಜ್ಞತೆ ಹೇಳಬೇಕು. ಅಲ್ಲಿ ಮೊದಲು ಬಳ್ಳಿಗಳು ಸಂತೆಯ ಜನರಂತೆ ಗುಂಪುಗುಂಪಾಗಿ ಬೆಳೆಯುತ್ತಿದ್ದವು. ಒಂದು ಬಳ್ಳಿಯ ರೆಂಬೆಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತು ಪಕ್ಕದಲ್ಲಿ ಇನ್ನೊಂದನ್ನು ಎಬ್ಬಿಸುವುದು ರೂಢಿ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಫ್ರಾನ್ಸಿನ ಬಳ್ಳಿಗಳ ಬೇರು ತಿಂದು ಹಾಕಿತು. ಅದನ್ನು ತಾಳಿಕೊಳ್ಳುವ ಅಮೆರಿಕದ ಬೇರುಗಿಡಕ್ಕೆ ಕಸಿ ಕಟ್ಟಿ ತೋಟಗಳನ್ನು ಹೊಸದಾಗಿ ನೆಡಬೇಕಾಯಿತು. ಕಸಿ ಗಿಡವನ್ನು ಬಗ್ಗಿಸಿ ಹೂಳಿದರೆ ಮತ್ತೆ ಹಳೆಯ ದುರ್ಬಲ ಬೇರೇ ಬರುತ್ತದೆ. ಹಾಗಾಗಿ ಒಂದೊಂದನ್ನೂ ಅಳೆದು ಸಾಲಿನಲ್ಲಿ ನೆಟ್ಟರು, ನಡುವೆ ಕುದುರೆ ನೇಗಿಲು ಓಡಿತು. ಕೀಟ ಬಾರದಿದ್ದರೆ ನನ್ನ ಒಂದೂವರೆ ಬೆರಳಿನ ಲೆಕ್ಕವನ್ನು ಬೇರೆಲ್ಲಾದರೂ ಮಾಡಬೇಕಾಗುತ್ತಿತ್ತು.

ಬಣ್ಣಕ್ಕೂ ಹಿನ್ನೆಲೆಯಿದೆ. ಶರತ್ಕಾಲದಲ್ಲಿ ಎಲೆಯ ಹಸಿರು ಒಡೆದುಹೋಗಿ ಒಳಗಿದ್ದ ಹಳದಿ ವರ್ಣಕಗಳಾದ ಕ್ಯಾರೊಟಿನಾಯ್ಡ್‌ಗಳು ಹೊರಬೀಳುತ್ತವೆ. ಕಪ್ಪು ದ್ರಾಕ್ಷಿಯ ಎಷ್ಟೋ ತಳಿಗಳು ಕೆಂಪು ವರ್ಣಕಗಳಾದ ಆಂಥೋಸಯನಿನ್‌ಗಳನ್ನೂ ತಯಾರಿಸುತ್ತವೆ. ಆದರೆ ಎಲೆಯ ನರ ಹಸಿರಾಗಿಯೇ ಉಳಿದು, ನಡುವೆ ಮಾತ್ರ ಕೆಂಪೇರಿ, ಅಂಚು ಕೆಳಕ್ಕೆ ಸುರುಳಿಯಾಗಿದ್ದರೆ ಅದು ಎಲೆಸುರುಳಿ ವೈರಸ್ಸಿನ ಲಕ್ಷಣ. ಕ್ಯಾಮೆರಾದವನಿಗೆ ಹಬ್ಬ, ತೋಟದವನಿಗೆ ನಷ್ಟ. ಚಿತ್ರ ಕಲಸಿದಾಗ ಕೆಂಪು ಹಸಿರು ಸೇರಿ ಮಂಕು ಹಳದಿಯಾಗುತ್ತದೆಯೇ ಹೊರತು ಬಣ್ಣದ ಡಬ್ಬಿಯಲ್ಲಿ ಕಲಸಿದಾಗಿನ ಕಂದು ರಾಡಿಯಾಗುವುದಿಲ್ಲ. ಇಲ್ಲಿ ಬೆರೆಯುತ್ತಿರುವುದು ಬೆಳಕು.

ನಡುಹಗಲಿನಲ್ಲಿ ಇದನ್ನು ಮಾಡಹೊರಟರೆ ಬೆಳಕೇ ಶತ್ರು. ಐಎಸ್‌ಒ 100 (ಸೆನ್ಸರ್ ಬೆಳಕಿಗೆ ತೋರುವ ಚುರುಕು), ಅಪರ್ಚರ್ ಎಫ್ 16 (ಲೆನ್ಸಿನ ಕಿರಿದಾದ ಕಂಡಿ) ಇಟ್ಟರೂ ಬಿಸಿಲಿಗೆ ಸೆಕೆಂಡಿನ 1/125 ಭಾಗ ಸಾಕು. ಅರ್ಧ ಸೆಕೆಂಡಿಗೆ ಹಿಗ್ಗಿಸಲು ಬೆಳಕನ್ನು ಸುಮಾರು 64 ಪಟ್ಟು ತಗ್ಗಿಸುವ ಕಪ್ಪುಗಾಜಿನ ಫಿಲ್ಟರ್ ಬೇಕು. ಇಲ್ಲವೆ ಮುಸ್ಸಂಜೆಯವರೆಗೆ ಕಾಯಬೇಕು.

ಅಷ್ಟು ಅಳಿಸಿದ ಮೇಲೂ ಅದು ತೋಟವೆಂದು ನಮಗೆ ಹೇಗೆ ತಿಳಿಯುತ್ತದೆ? 1994ರಲ್ಲಿ ಫಿಲಿಪ್ ಶಿನ್ಸ್ ಮತ್ತು ಓಡ್ ಒಲಿವಾ ಎಂಬ ಮನೋವಿಜ್ಞಾನಿಗಳು ಒಂದು ದೃಶ್ಯದ ಮಸುಕು ರೂಪವನ್ನೂ ಇನ್ನೊಂದರ ಬರಿಯ ಅಂಚುಗೆರೆಗಳನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದರು. ಕ್ಷಣಮಾತ್ರ ತೋರಿಸಿದಾಗ ನೋಡುಗರು ಹೆಚ್ಚಾಗಿ ಹಿಡಿದದ್ದು ಮಸುಕಿನಲ್ಲಿದ್ದ ದೃಶ್ಯವನ್ನು. ಮೊದಲು ದೊಡ್ಡ ಹರವು, ಆಮೇಲೆ ವಿವರ. ಮಿದುಳಿನ ಪಾಳಿ ಹೀಗೆ. ನಮ್ಮ ಕಣ್ಣೂ ಸೆಕೆಂಡಿಗೆ ಸುಮಾರು ಮೂರು ಬಾರಿ ಜಿಗಿಯುತ್ತದೆ, ಪ್ರತಿ ಜಿಗಿತಕ್ಕೂ ಅಕ್ಷಿಪಟದ ಮೇಲೆ ಲೋಕವೆಲ್ಲ ಕಲಸಿಹೋಗುತ್ತದೆ. ಮಿದುಳು ಅದನ್ನು ಗಮನಕ್ಕೆ ತರುವುದಿಲ್ಲ. ಕನ್ನಡಿಯ ಮುಂದೆ ನಿಂತು ಒಂದು ಕಣ್ಣಿನಿಂದ ಇನ್ನೊಂದಕ್ಕೆ ನೋಟ ಬದಲಿಸಿ ನೋಡಿ: ನಿಮ್ಮ ಕಣ್ಣು ಚಲಿಸಿದ್ದು ನಿಮಗೆ ಕಾಣುವುದೇ ಇಲ್ಲ.

ಅಳಿದ ಸಾಲನ್ನು ಕಂಪ್ಯೂಟರ್ ಮರಳಿ ತರಬಲ್ಲುದೆ? ಸಮವೇಗದ ಅಲುಗಾಟ ಸರಿಯಾಗಿ ಒಂದು ಅಂತರದ್ದಾಗಿದ್ದರೆ ಸಾಧ್ಯವಿಲ್ಲ. ಸೊನ್ನೆಯಿಂದ ಗುಣಿಸಿದ್ದನ್ನು ಭಾಗಿಸಿ ಹಿಂಪಡೆಯಲಾಗದು. 2006ರಲ್ಲಿ ಕಂಪ್ಯೂಟರ್ ವಿಜ್ಞಾನಿ ರಮೇಶ್ ರಸ್ಕರ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ತೋರಿಸಿದರು. ಷಟರನ್ನು ಒಂದೇ ಸಮನೆ ತೆರೆದಿಡದೆ, ಗೊತ್ತುಮಾಡಿದ ಲಯದಲ್ಲಿ ಪಟಪಟನೆ ತೆರೆದು ಮುಚ್ಚಿದರೆ ಯಾವ ವಿವರವೂ ಪೂರ್ತಿ ಸೊನ್ನೆಯಾಗುವುದಿಲ್ಲ. ರಸ್ಕರ್ ದ್ರಾಕ್ಷಿಯ ನಾಸಿಕದವರು ಎಂಬುದು ಕಾಕತಾಳೀಯ.

ದೊಡ್ಡಬಳ್ಳಾಪುರದ ಕಡೆ ನಾನು ಇದನ್ನು ಪ್ರಯತ್ನಿಸಿದಾಗ ಬರ್ಗಂಡಿಯ ಲೆಕ್ಕ ಕೆಲಸಕ್ಕೆ ಬರಲಿಲ್ಲ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಬೇಲಿಯಂತೆ ನಿಲ್ಲುವುದಿಲ್ಲ, ಕಲ್ಲುಕಂಬಗಳ ಮೇಲೆ ಚಪ್ಪರವಾಗಿ ಹಬ್ಬುತ್ತದೆ. ವರ್ಷಕ್ಕೆ ಎರಡು ಸಲ ಸವರಿ ಬೆಳೆ ತೆಗೆಯುವ ಈ ಸೀಮೆಯಲ್ಲಿ ಶರತ್ಕಾಲದ ಬಣ್ಣದ ಮೆರವಣಿಗೆಯೂ ಇಲ್ಲ. ಮೇಲೆ ಹಸಿರು, ಕೆಳಗೆ ಕತ್ತಲು, ನಡುವೆ ಕಂಬಗಳು. ಕ್ಯಾಮೆರಾವನ್ನು ಮೇಲಿಂದ ಕೆಳಕ್ಕೆ ಎಳೆಯುತ್ತಲೇ ಇದ್ದೆ. ತೋಟದ ಯಜಮಾನರು ಸ್ವಲ್ಪ ಹೊತ್ತು ನೋಡಿ, ಹತ್ತಿರ ಬಂದು ಹೇಳಿದರು: “ಕೈ ನಡುಗುತ್ತಿದೆಯಲ್ಲ ಸ್ವಾಮಿ, ಆ ಕಂಬಕ್ಕೆ ಒರಗಿಕೊಂಡು ತೆಗೆಯಿರಿ.”

ಮನೆಗೆ ಬಂದು ನೋಡಿದರೆ ಚಿತ್ರದಲ್ಲಿ ಗುರುತು ಸಿಗುವಂತೆ ಉಳಿದಿದ್ದದ್ದು ಆ ಕಂಬವೊಂದೇ.