ನೀರಿನಡಿಯ ಒಡಲನ್ನು ಊಹಿಸುವ ಬಗೆ

ಬಂದರಿಗೆ ಬರುವ ಭಾರೀ ಹಡಗುಗಳನ್ನು ದೂಡುತ್ತ, ಎಳೆಯುತ್ತ ಧಕ್ಕೆಗೆ ತಂದು ಸೇರಿಸುವ ಪುಟ್ಟ ಟಗ್ ದೋಣಿಗಳನ್ನು ಪಣಂಬೂರಿನ ಕಡೆಗೆ ಹೋದವರು ದೂರದಿಂದಾದರೂ ನೋಡಿರುತ್ತಾರೆ. ಹೊಗೆಕೊಳವೆ, ಚಾಲಕನ ಕೋಣೆ, ಸುತ್ತ ಕಟ್ಟಿದ ಟೈರುಗಳು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಆದರೆ ಟಗ್ ಹೇಗೆ ತೇಲುತ್ತದೆ, ಎಷ್ಟು ವಾಲುತ್ತದೆ, ಎಷ್ಟು ಭಾರ ಹೊರುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವ ಒಡಲು ನೀರಿನ ಕೆಳಗೆ ಅಡಗಿರುತ್ತದೆ. ಸಿದ್ಧ ಕಿಟ್ ಇಲ್ಲದೆ, ಪೂರ್ಣ ನಕ್ಷೆಯೂ ಇಲ್ಲದೆ ಅಂಥದೊಂದು ಟಗ್‌ನ ಮಾದರಿಯನ್ನು ಮೊದಲಿನಿಂದ ಕೈಯಾರೆ ಕಟ್ಟಲು ಹೊರಟವರು ಈ ಕಾಣದ ಭಾಗವನ್ನು ಎಲ್ಲಿಂದ ತರಬೇಕು?

ನಾನು ಆರಿಸಿಕೊಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಟಿಐಡಿ ವರ್ಗದ ಉಗಿ ಟಗ್. ಪಕ್ಕದಿಂದ ತೆಗೆದ ಒಂದು ಕಪ್ಪು-ಬಿಳುಪು ಛಾಯಾಚಿತ್ರ, ಒಟ್ಟು ಉದ್ದ 74 ಅಡಿ, ಮೂತಿಯ ಕಂಬದಿಂದ ಚುಕ್ಕಾಣಿಯ ಕಂಬದವರೆಗೆ 65 ಅಡಿ, ಅಗಲ 17 ಅಡಿ, ಗ್ರಾಸ್ ಟನ್ನೇಜ್ 54: ಕೈಯಲ್ಲಿದ್ದ ಆಧಾರ ಇಷ್ಟೇ. ಜೊತೆಗೆ ಆ ಟಗ್‌ಗಳನ್ನು ಕಟ್ಟಿದ ರೀತಿ ಗೊತ್ತಿತ್ತು. ಆ ಕೊನೆಯ ವಿವರವೇ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ಅರಿವಾಗಲು ನನಗೆ ಬಹಳ ದಿನ ಹಿಡಿಯಿತು.

ಯುದ್ಧದ ಒತ್ತಡದಲ್ಲಿ ಹಡಗು ಕಟ್ಟುವ ಅಂಗಳಗಳಿಗೆ ಬಿಡುವಿರಲಿಲ್ಲ. ಹೀಗಾಗಿ ಈ ಟಗ್‌ನ ಒಡಲನ್ನು ಎಂಟು ತುಂಡುಗಳಾಗಿ ವಿಭಜಿಸಿ, ಹಡಗು ಕಟ್ಟಿ ಗೊತ್ತಿಲ್ಲದ ಒಳನಾಡಿನ ಉಕ್ಕಿನ ಕಾರ್ಖಾನೆಗಳಲ್ಲಿ ಮಾಡಿಸಿ, ರಸ್ತೆಯ ಮೇಲೆ ಸಾಗಿಸಿ, ನೀರಿನಂಚಿನಲ್ಲಿ ಬೆಸುಗೆ ಹಾಕಿ ಕೂಡಿಸಲಾಯಿತು. 1943ರಿಂದ 1946ರವರೆಗೆ ಇಂಥ 182 ಟಗ್‌ಗಳು ಹೊರಬಂದವು. ಉಕ್ಕಿನ ತಗಡನ್ನು ಒಂದೇ ದಿಕ್ಕಿಗೆ ಬಾಗಿಸಲು ಉರುಳೆಯಂತ್ರ ಸಾಕು. ಎರಡೂ ದಿಕ್ಕಿಗೆ ಉಬ್ಬಿಸಬೇಕಾದರೆ ಕಾಯಿಸಿ ಬಡಿಯುವ ನುರಿತ ಕೈ ಬೇಕು. ಅಂಥ ಕೈಗಳ ಕೊರತೆಯಿದ್ದುದರಿಂದ ವಿನ್ಯಾಸಕಾರರು ದುಂಡನೆಯ ಉಬ್ಬನ್ನೇ ಕೈಬಿಟ್ಟರು. ಪಕ್ಕದ ತಗಡೂ ತಳದ ತಗಡೂ ಚೂಪಾದ ಮೂಲೆಯೊಂದರಲ್ಲಿ ಕೂಡುವಂತೆ ಮಾಡಿದರು.

ಇದರ ಹಿಂದಿರುವ ಗಣಿತವನ್ನು ಕಡಲೆಕಾಯಿ ಪೊಟ್ಟಣದಲ್ಲಿ ಕಾಣಬಹುದು. ಕಾಗದವನ್ನು ಸುತ್ತಿ ಶಂಕುವಿನ ಆಕಾರದ ಪೊಟ್ಟಣ ಮಾಡಿದರೆ ಒಂದೂ ಸುಕ್ಕು ಬೀಳುವುದಿಲ್ಲ; ಬಿಚ್ಚಿದರೆ ಮತ್ತೆ ಚಪ್ಪಟೆ ಕಾಗದ. ಅದೇ ಕಾಗದವನ್ನು ತೆಂಗಿನಕಾಯಿಗೆ ಸುತ್ತಲು ಹೋದರೆ ಎಲ್ಲೆಲ್ಲೂ ಮಡಿಕೆಗಳು. ಪೊಟ್ಟಣದ ಮೇಲ್ಮೈಯ ಪ್ರತಿ ಬಿಂದುವಿನಲ್ಲೂ ಒಂದು ದಿಕ್ಕಿನಲ್ಲಿ ನೇರ ಕಡ್ಡಿಯನ್ನು ಮಲಗಿಸಬಹುದು. ತೆಂಗಿನಕಾಯಿಯ ಮೇಲೆ ಎಲ್ಲಿಯೂ ಮಲಗಿಸಲಾಗದು. ಹಿಗ್ಗದೆ ಕುಗ್ಗದೆ ಹರವಬಲ್ಲ ಇಂಥ ಮೇಲ್ಮೈಗೆ ಇನ್ನೊಂದು ಗುಣವುಂಟು. ಅದರ ಎರಡು ಅಂಚುಗಳು ಎಲ್ಲೆಲ್ಲಿ ಹಾದುಹೋಗುತ್ತವೆ ಎಂದು ತಿಳಿದರೆ, ನಡುವಿನ ಹಾಳೆ ಮನಸ್ಸಿಗೆ ಬಂದಂತೆ ಬಾಗಲಾರದು. ಅದರ ಆಕಾರ ಬಹುಮಟ್ಟಿಗೆ ಅಲ್ಲಿಗೇ ನಿಶ್ಚಯವಾಗಿಬಿಡುತ್ತದೆ. ಅಂದರೆ ನಾನು ಹುಡುಕಬೇಕಾದದ್ದು ಒಡಲಿನ ಇಡೀ ಮೇಲ್ಮೈಯನ್ನಲ್ಲ, ಮೂರು ಗೆರೆಗಳನ್ನು ಮಾತ್ರ: ಡೆಕ್ಕಿನ ಅಂಚು, ಪಕ್ಕ ಮತ್ತು ತಳ ಕೂಡುವ ಮೂಲೆ, ತಳದ ನಡುಗೆರೆ.

ಡೆಕ್ಕಿನ ಅಂಚು ಛಾಯಾಚಿತ್ರದಲ್ಲಿಯೇ ಇದೆ. ಆದರೆ ಚಿತ್ರದ ಮೇಲೆ ನೇರವಾಗಿ ಅಳತೆಪಟ್ಟಿ ಇಟ್ಟರೆ ಮೋಸ ಹೋಗುತ್ತೇವೆ. ಕ್ಯಾಮೆರಾ ಟಗ್‌ನ ನಡುಭಾಗದ ಪಕ್ಕದಿಂದ 100 ಅಡಿ ದೂರದಲ್ಲಿತ್ತೆಂದುಕೊಳ್ಳೋಣ. ಮೂತಿಯ ತುದಿಯು ಟಗ್‌ನ ನಡುಗೆರೆಯ ಮೇಲಿರುವುದರಿಂದ, ಪಕ್ಕಕ್ಕಿಂತ ಅಗಲದ ಅರ್ಧದಷ್ಟು, ಎಂದರೆ ಎಂಟೂವರೆ ಅಡಿ ಹಿಂದಿರುತ್ತದೆ; ಆದ್ದರಿಂದ ಅಲ್ಲಿಯ ಎತ್ತರ ಚಿತ್ರದಲ್ಲಿ ಸುಮಾರು ಶೇ. 8ರಷ್ಟು ಕುಗ್ಗಿ ಕಾಣುತ್ತದೆ. ಇದನ್ನು ತಿದ್ದಲು ಹಡಗಿನ ಮೇಲೆಯೇ ಬರೆದ ಒಂದು ಅಳತೆಪಟ್ಟಿ ನೆರವಾಗುತ್ತದೆ. ಬ್ರಿಟಿಷ್ ಹಡಗುಗಳ ಮೂತಿ ಮತ್ತು ಹಿಂಬದಿಯಲ್ಲಿ, ಒಡಲು ಎಷ್ಟು ಅಡಿ ಮುಳುಗಿದೆ ಎಂದು ತಿಳಿಸುವ ಅಂಕಿಗಳನ್ನು ಆರು ಅಂಗುಲ ಎತ್ತರಕ್ಕೆ ಬರೆಯುವ ರೂಢಿಯಿತ್ತು. ಅಂಕಿಯ ಬುಡವೇ ಆ ಅಡಿಯ ಗುರುತು. ಭೂತಗನ್ನಡಿಯ ಕೆಳಗೆ, ಬಣ್ಣ ಮಾಸಿದ ತಗಡಿನ ಮೇಲೆ ಅಂಥ ಎರಡು ಬಿಳಿ ಗುರುತುಗಳು ಒಂದರ ಮೇಲೊಂದು ಕಂಡಾಗ ಆದ ಸಂತೋಷ ನನಗೆ ಇಂದಿಗೂ ನೆನಪಿದೆ. ಅವುಗಳ ನಡುವಿನ ಅಂತರ ಸರಿಯಾಗಿ ಒಂದು ಅಡಿ, ಅದೂ ನಡುಗೆರೆಯ ಮೇಲೆ. ಓಡುತ್ತಿರುವ ಟಗ್‌ನ ಚಿತ್ರವಾಗಿದ್ದರೆ ಮಾತ್ರ ಇಲ್ಲಿ ಎಚ್ಚರ ಬೇಕು: ಮೂತಿಯ ಅಲೆ ಮೇಲೇರಿ, ಹಿಂಬದಿ ತಗ್ಗಿ, ನೀರಿನ ಗೆರೆ ಸುಳ್ಳು ಹೇಳುತ್ತದೆ.

ಮೂಲೆಯ ಗೆರೆ ಮೂತಿಯ ಹತ್ತಿರ ನೀರಿನಿಂದ ಮೇಲೆದ್ದು ಕಾಣುತ್ತದೆ, ಆಮೇಲೆ ಮುಳುಗಿಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಟನ್ನೇಜ್‌ನ ಲೆಕ್ಕ ಬೇಕು. 54 ಟನ್ ಎಂಬುದನ್ನು ತೂಕವೆಂದು ಓದುವುದು ಬಹಳ ಮಂದಿ ಮಾಡುವ ತಪ್ಪು. ಗ್ರಾಸ್ ಟನ್ನೇಜ್ ಆ ಕಾಲದಲ್ಲಿ ಗಾತ್ರದ ಅಳತೆ. ಒಂದು ಟನ್ ಎಂದರೆ 100 ಘನ ಅಡಿ ಒಳಜಾಗ. ಆದ್ದರಿಂದ ಈ ಟಗ್‌ನ ಒಳಜಾಗ ಸುಮಾರು 5,400 ಘನ ಅಡಿ. 65 ಅಡಿ ಉದ್ದ, 17 ಅಡಿ ಅಗಲ, ಏಳೂವರೆ ಅಡಿ ಆಳದ ಪೆಟ್ಟಿಗೆಯನ್ನು ಕಲ್ಪಿಸಿಕೊಂಡರೆ ಅದರ ಗಾತ್ರ ಸುಮಾರು 8,290 ಘನ ಅಡಿ. ಅಂದರೆ ಒಡಲು ಆ ಪೆಟ್ಟಿಗೆಯ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಿರಲಾರದು. ಒಡಲು ಕೆಳಗೆ ಹೋದಂತೆ ಕಿರಿದಾಗುವುದರಿಂದ ನೀರಿನಡಿಯ ಭಾಗ ಇನ್ನೂ ಕಡಿಮೆ, ಸುಮಾರು ಅರ್ಧದಷ್ಟು ತುಂಬಿದೆ ಎಂದು ಹಿಡಿಯುವುದು ನ್ಯಾಯ.

1:24ರ ಅಳತೆಯಲ್ಲಿ ಒಂದು ಅಡಿಗೆ ಅರ್ಧ ಅಂಗುಲ. ಮಾದರಿಯ ಒಟ್ಟು ಉದ್ದ 94 ಸೆಂಟಿಮೀಟರ್, ಅಗಲ 21.6. ಒಡಲು ಆರು ಅಡಿ ಮುಳುಗುತ್ತದೆ ಎಂದಿಟ್ಟುಕೊಂಡರೆ ಮಾದರಿಯಲ್ಲಿ 7.6. ಉದ್ದ 24 ಪಟ್ಟು ಕುಗ್ಗಿದಾಗ ಗಾತ್ರ 24ರ ಘನದಷ್ಟು, ಅಂದರೆ 13,824 ಪಟ್ಟು ಕುಗ್ಗುತ್ತದೆ. ಈ ಲೆಕ್ಕದಲ್ಲಿ ಮಾದರಿ ಪಕ್ಕಕ್ಕೆ ಸರಿಸುವ ನೀರು 6.8 ಲೀಟರ್, ಆರ್ಕಿಮಿಡೀಸ್‌ನ ನಿಯಮದಂತೆ ಮಾದರಿಯ ತೂಕವೂ 6.8 ಕಿಲೋ ಇರಲೇಬೇಕು. ಇಲ್ಲಿಗೆ ಮುಳುಗಿದ ಮೂಲೆಯ ಗೆರೆಯನ್ನು ಒರೆಹಚ್ಚಿ ನೋಡಲು ಒಂದು ಅಳತೆ ಸಿಕ್ಕಂತಾಯಿತು. ಆ ಗೆರೆಯನ್ನು ಮೊದಲು ಊಹೆಯಿಂದ ಎಳೆದು, ಒಡಲನ್ನು ಉದ್ದಕ್ಕೆ ಎಂಟು ಸಮ ಭಾಗ ಮಾಡಿ, ಒಂಬತ್ತು ಅಡ್ಡಕೊಯ್ತಗಳನ್ನು ಗ್ರಾಫ್ ಹಾಳೆಯ ಮೇಲೆ ಬರೆದು, ನೀರಿನ ಗೆರೆಯ ಕೆಳಗಿನ ಚೌಕಗಳನ್ನು ಎಣಿಸಬೇಕು. ಸಿಂಪ್ಸನ್ ಸೂತ್ರದಂತೆ ಆ ವಿಸ್ತೀರ್ಣಗಳನ್ನು ಕ್ರಮವಾಗಿ 1, 4, 2, 4, 2, 4, 2, 4, 1ರಿಂದ ಗುಣಿಸಿ, ಕೂಡಿಸಿ, ಕೊಯ್ತಗಳ ಅಂತರದ ಮೂರನೆಯ ಒಂದು ಪಾಲಿನಿಂದ ಗುಣಿಸಿದರೆ ಗಾತ್ರ ಬರುತ್ತದೆ. ನನ್ನ ಮೊದಲ ಗೆರೆಗೆ ಎಂಟು ಲೀಟರಿಗಿಂತ ಹೆಚ್ಚು ಬಂತು. ಮೂಲೆಯನ್ನು ತೀರ ಕೆಳಗೆ ಎಳೆದಿದ್ದೆ. ಮೇಲಕ್ಕೆ ಸರಿಸಿದೆ, ಮತ್ತೆ ಎಣಿಸಿದೆ. ಮೂರನೆಯ ಗೆರೆ ಒಪ್ಪಿಗೆಯಾಯಿತು.

ಆಮೇಲಿನದು ರಟ್ಟಿನ ಪರೀಕ್ಷೆ. ತೆಳು ಪ್ಲೈವುಡ್ಡಿನಲ್ಲಿ ಅಡ್ಡಕೊಯ್ತಗಳನ್ನು ಕತ್ತರಿಸಿ ನಿಲ್ಲಿಸಿ, ಅವುಗಳ ಮೇಲೆ ರಟ್ಟನ್ನು ಒತ್ತಿ ಹಿಡಿದೆ. ಹಿಂದಿನಿಂದ ನಡುವಿನವರೆಗೆ ಅದು ಸರಾಗವಾಗಿ ಮಲಗಿತು. ಮೂತಿಯಿಂದ ಎರಡನೆಯ ಚೌಕಟ್ಟಿನ ಬಳಿ ಮಾತ್ರ ಬೆರಳಗಲದ ಉಬ್ಬೊಂದು ಎದ್ದು ನಿಂತಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಅಲ್ಲಿ ನಾನು ಚೌಕಟ್ಟಿನ ಬದಿಯನ್ನು ನೇರ ಗೆರೆಯಾಗಿ ಬರೆದಿದ್ದೆ. ಬಾಗಿದ ತಗಡನ್ನು ಅದರ ನೇರ ಕಡ್ಡಿಗಳಿಗೆ ಓರೆಯಾಗಿ ಕೊಯ್ದರೆ ಕೊಯ್ತದ ಅಂಚು ತುಸು ಬಾಗಿರಲೇಬೇಕು ಎಂಬುದನ್ನು ಮರೆತಿದ್ದೆ. ಮರಳು ಕಾಗದದಿಂದ ಎರಡು ಮಿಲಿಮೀಟರ್ ಉಜ್ಜಿದ ಮೇಲೆ ರಟ್ಟು ಸದ್ದಿಲ್ಲದೆ ಕುಳಿತುಕೊಂಡಿತು. ಉಕ್ಕಿನ ತಗಡು ಒಪ್ಪದ ಆಕಾರವನ್ನು ರಟ್ಟೂ ಒಪ್ಪುವುದಿಲ್ಲ. ಚಿತ್ರ ತೋರಿಸದ ಜಾಗದಲ್ಲಿ ಇದಕ್ಕಿಂತ ನಂಬಿಕೆಯ ಸಾಕ್ಷಿ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಅಗಲದ ವಿಷಯದಲ್ಲಿ ಮಾತ್ರ ರಿಯಾಯಿತಿ ಕೂಡದು. ಎಳೆಯುವ ಹಗ್ಗ ಪಕ್ಕಕ್ಕೆ ಸೆಳೆದಾಗ ಟಗ್ ಮಗುಚದೆ ನಿಲ್ಲಬೇಕು. ಫ್ರೆಂಚ್ ವಿಜ್ಞಾನಿ ಪಿಯೆರ್ ಬೂಗೆ 1746ರಲ್ಲಿ ತೋರಿಸಿಕೊಟ್ಟಂತೆ, ವಾಲಿದ ಒಡಲನ್ನು ನೆಟ್ಟಗೆ ನಿಲ್ಲಿಸುವ ಗುಣ ನೀರಿನ ಗೆರೆಯಲ್ಲಿರುವ ಆಕಾರವನ್ನು ಅವಲಂಬಿಸಿದೆ. ಆ ಆಕಾರದಿಂದ ಬರುವ ಬಲ ಅಗಲದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ: ತೂಕ ಅಷ್ಟೇ ಇದ್ದು ಅಗಲ ಶೇ. 10 ಕಡಿಮೆಯಾದರೆ ಅದು ಶೇ. 27 ಕಡಿಮೆಯಾಗುತ್ತದೆ.

ಒಡಲು ಮುಗಿದ ದಿನ ಅದನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು, ಒಟ್ಟು ತೂಕ 6.8 ಕಿಲೋ ಆಗುವವರೆಗೆ ಮರಳಿನ ಚೀಲಗಳನ್ನು ತಳಕ್ಕೆ ಇಳಿಸಿದೆ. ಈ ಮಾದರಿಯನ್ನು ಒಂದು ಮಿಲಿಮೀಟರ್ ಮುಳುಗಿಸಲು ಸುಮಾರು 135 ಗ್ರಾಂ ಬೇಕು. ಪೆನ್ಸಿಲ್ಲಿನಲ್ಲಿ ಗುರುತಿಸಿದ್ದ ಗೆರೆ ನೀರಿನಿಂದ ಎರಡು ಮಿಲಿಮೀಟರ್ ಮೇಲೆ ನಿಂತಿತು: ನನ್ನ ಒಡಲು ಲೆಕ್ಕಕ್ಕಿಂತ ಕಾಲು ಲೀಟರಿನಷ್ಟು ದಪ್ಪ. ಹಿಂಬದಿಗೆ ಇನ್ನೆರಡು ಪುಟ್ಟ ಚೀಲಗಳನ್ನು ಇಟ್ಟೆ, ಗೆರೆ ನೀರನ್ನು ಮುಟ್ಟಿತು.