ಹ್ಯಾಕ್ನಿ ಅಂದರೆ ಕುದುರೆಯೋ, ಟ್ಯಾಕ್ಸಿಯೋ, ಸವಕಲು ಮಾತೋ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಒಂದು ಟ್ಯಾಕ್ಸಿಯ ಹಿಂದೆ ‘ಹ್ಯಾಕ್ನಿ ಕ್ಯಾರೇಜ್’ ಅಂತ ಬರೆದಿದ್ದನ್ನು ನೋಡಿದೆ. ನಿಘಂಟು ತೆರೆದರೆ ಹ್ಯಾಕ್ನಿ ಅಂದರೆ ಒಂದು ಬಗೆಯ ಕುದುರೆ ಅಂತಿದೆ. ಶಾಲೆಯಲ್ಲಿ ‘ಹ್ಯಾಕ್ನೀಡ್’ ಅಂದರೆ ಹೇಳಿ ಹೇಳಿ ಹಳಸಿದ ಮಾತು ಅಂತ ಕಲಿತಿದ್ದೆವು. ದುಡ್ಡಿಗಾಗಿ ಬರೆಯುವವರನ್ನು ‘ಹ್ಯಾಕ್’ ಅಂತಾರೆ. ಇವೆಲ್ಲ ಒಂದೇ ಪದವಾ? ಕಂಪ್ಯೂಟರ್ ಹ್ಯಾಕರ್ ಕೂಡ ಇದೇ ಮನೆಯವನಾ? ಕನ್ನಡಕ್ಕೆ ತರುವಾಗ ಏನಂತ ಬರೆಯಬೇಕು?

ಉತ್ತರ: ಕಂಪ್ಯೂಟರ್ ಹ್ಯಾಕರ್ ಒಬ್ಬನನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೇ ಪದ. ಕುದುರೆಯಿಂದ ಸಾರೋಟಿಗೆ, ಸಾರೋಟಿನಿಂದ ಟ್ಯಾಕ್ಸಿಗೆ ಹೋಗಿದ್ದು ಒಂದು ದಾರಿ. ಅದೇ ಕುದುರೆಯಿಂದ ಬರಹಗಾರನಿಗೆ, ಸವಕಲು ಮಾತಿಗೆ ಹೋಗಿದ್ದು ಇನ್ನೊಂದು ದಾರಿ. ಎರಡೂ ದಾರಿ ಕವಲೊಡೆಯುವ ಜಾಗದಲ್ಲಿ ಇರುವುದು ಒಂದೇ ವಿಷಯ, ಬಾಡಿಗೆ.

ಇದನ್ನು ನಮ್ಮ ಕಡೆಯ ಒಂದು ಉದಾಹರಣೆಯಿಂದ ಹೇಳ್ತೀನಿ. ನಮ್ಮ ಭಾವ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ನಾನೂ ಜೊತೆಗಿದ್ದೆ. ಕಾರು ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಬಿಳಿ ನಂಬರ್ ಪ್ಲೇಟು. ಮೆಕ್ಯಾನಿಕ್ ಬಾಗಿಲು ತೆಗೆದು, ಬಗ್ಗಿ, ಕ್ಲಚ್ ಪೆಡಲ್ ಮೇಲೆ ಬೆರಳಿಟ್ಟ. ರಬ್ಬರಿನ ಗೆರೆಗಳೆಲ್ಲ ಅಳಿಸಿಹೋಗಿ, ಒಂದು ಮೂಲೆಯಲ್ಲಿ ಕಬ್ಬಿಣ ಕಾಣುತ್ತಿತ್ತು. ‘ಭಾವನೋರೇ, ಇದು ಯೆಲ್ಲೋ ಬೋರ್ಡ್ ಗಾಡಿ. ಆಮೇಲೆ ವೈಟ್‌ಗೆ ಮಾಡ್ಸಿದಾರೆ. ಬೇಡ ಬಿಡಿ’ ಅಂದ. ನನ್ನಿಂದ ಕೇಳಿ ಅವನೂ ಅವರನ್ನು ಭಾವ ಅಂತಲೇ ಕರೆಯುತ್ತಿದ್ದ.

ಯೆಲ್ಲೋ ಬೋರ್ಡ್ ಅಂದರೆ ಕಾನೂನಿನಲ್ಲಿ ಬಾಡಿಗೆಗೆ ಓಡಿಸುವ ಗಾಡಿ ಅಂತಷ್ಟೇ ಅರ್ಥ. ಆದರೆ ಕಾರು ಕೊಳ್ಳುವವರ ಬಾಯಲ್ಲಿ ಅದರ ಅರ್ಥ ಬೇರೆ. ಜಾಸ್ತಿ ಓಡಿದ್ದು, ಎಲ್ಲರ ಕೈಗೂ ಸಿಕ್ಕಿದ್ದು, ಸವೆದದ್ದು. ‘ಬಾಡಿಗೆಯದು’ ಅನ್ನೋದು ಮೆಲ್ಲಗೆ ‘ಸವೆದದ್ದು’ ಆಗಿಬಿಡುತ್ತೆ, ಅಲ್ವಾ? ಹ್ಯಾಕ್ನಿ ಪದಕ್ಕೆ ಆಗಿದ್ದೂ ಇದೇ. ಅದಕ್ಕೆ ಮಾತ್ರ ಕೆಲವು ಶತಮಾನ ಹಿಡಿಯಿತು.

ಹ್ಯಾಕ್ನಿ ಮೂಲದಲ್ಲಿ ಒಂದು ಊರಿನ ಹೆಸರು. ಈಗ ಅದು ಲಂಡನ್ನಿನ ಒಂದು ಭಾಗ. ಆಗ ನಗರದ ಆಚೆ, ಲೀ ನದಿಯ ಜೌಗು ನೆಲದ ಪಕ್ಕದ ಹಳ್ಳಿ. ಹಾಕ ಅನ್ನುವವನ ದಿಬ್ಬ ಅಥವಾ ನಡುಗಡ್ಡೆ ಅಂತ ಆ ಹೆಸರನ್ನು ಬಿಡಿಸುತ್ತಾರೆ. ಸುತ್ತ ಒಳ್ಳೆ ಹುಲ್ಲುಗಾವಲು ಇತ್ತು. ಅಲ್ಲಿ ಮೇಯ್ದ ಕುದುರೆಗಳಿಂದಲೇ 1300ರ ಹೊತ್ತಿಗೆ ‘ಹ್ಯಾಕ್ನಿ’ ಅಂದರೆ ಸವಾರಿ ಕುದುರೆ ಅನ್ನೋ ಅರ್ಥ ಬಂದಿರಬೇಕು ಅನ್ನುವುದು ಹೆಚ್ಚಿನ ನಿಘಂಟುಗಳ ಅಭಿಪ್ರಾಯ.

ಆಗ ಈ ಪದದಲ್ಲಿ ಯಾವ ಕೀಳು ಅರ್ಥವೂ ಇರಲಿಲ್ಲ. ಅದು ಯುದ್ಧದ ಕುದುರೆಯಲ್ಲ, ನೇಗಿಲು ಎಳೆಯುವ ಕುದುರೆಯೂ ಅಲ್ಲ. ದೂರದ ಪ್ರಯಾಣಕ್ಕೆ ಹೇಳಿಮಾಡಿಸಿದ್ದು. ಒಂದೇ ಪಕ್ಕದ ಮುಂಗಾಲು ಹಿಂಗಾಲು ಜೊತೆಯಾಗಿ ಎತ್ತಿಡುವ ನಡಿಗೆ ಅದರದ್ದು. ಮೇಲೆ ಕೂತವರಿಗೆ ಕುಲುಕಾಟ ಕಡಿಮೆ. ಹೆಂಗಸರು, ಪಾದ್ರಿಗಳು, ವಯಸ್ಸಾದವರು ಇಂಥ ಕುದುರೆಯನ್ನೇ ಬಯಸುತ್ತಿದ್ದರು. ಫ್ರೆಂಚರಲ್ಲಿ ಇದು ‘ಹಾಕ್ನೇ’, ಇಟಲಿಯಲ್ಲಿ ‘ಕಿನೇಆ’. ನೇಪಲ್ಸ್‌ನ ರಾಜ ಪ್ರತಿವರ್ಷ ಜೂನ್ ಕೊನೆಯಲ್ಲಿ, ಸಂತ ಪೀಟರ್ ಹಬ್ಬಕ್ಕೆ, ಪೋಪ್‌ಗೆ ಒಂದು ಬಿಳಿ ಕುದುರೆಯನ್ನು ಕಾಣಿಕೆಯಾಗಿ ಕಳಿಸುತ್ತಿದ್ದ. ಆ ಕಾಣಿಕೆಯ ಹೆಸರೇ ಕಿನೇಆ. 18ನೇ ಶತಮಾನದ ಕೊನೆಯವರೆಗೂ ಅದು ನಡೆಯಿತು. ಅಂದರೆ ಒಂದೇ ಪದ ಇಟಲಿಯಲ್ಲಿ ಪೋಪ್ ಮುಂದೆ ಸಿಂಗಾರ ಮಾಡಿಕೊಂಡು ನಿಂತಿದ್ದಾಗ, ಇಂಗ್ಲೆಂಡಿನಲ್ಲಿ ಬೀದಿಗೆ ಬಿದ್ದಿತ್ತು.

ಬೀದಿಗೆ ಬಿದ್ದಿದ್ದು ಹೇಗೆ? ಪ್ರಯಾಣಕ್ಕೆ ಒಳ್ಳೆಯದು ಅಂದಮೇಲೆ ಬಾಡಿಗೆಗೆ ಕೊಡುವುದಕ್ಕೂ ಅದೇ ಒಳ್ಳೆಯದು. ಲಂಡನ್ನಿನಿಂದ ಡೋವರ್ ಬಂದರಿಗೆ ಹೋಗುವ ದಾರಿಯಲ್ಲಿ ಕ್ಯಾಂಟರ್‌ಬರಿಗೆ ಹೋಗುವ ಯಾತ್ರಿಕರೂ ವ್ಯಾಪಾರಿಗಳೂ ತುಂಬಿರುತ್ತಿದ್ದರು. ಕುದುರೆ ಬಾಡಿಗೆಗೆ ಕೊಡುವವರನ್ನು ‘ಹ್ಯಾಕ್ನಿಮನ್’ ಅನ್ನುತ್ತಿದ್ದರು. 14ನೇ ಶತಮಾನದ ಕೊನೆಗೆ ಎರಡನೇ ರಿಚರ್ಡ್‌ನ ಆಳ್ವಿಕೆಯಲ್ಲಿ ಇದಕ್ಕೆ ದರ ಗೊತ್ತುಮಾಡಿದರು. ಲಂಡನ್ನಿನ ಸದರ್ಕ್‌ನಿಂದ ದಾರಿ ಮಧ್ಯದ ರೋಚೆಸ್ಟರ್‌ವರೆಗೆ 12 ಪೆನ್ನಿ. ಅಲ್ಲಿಂದ ಕ್ಯಾಂಟರ್‌ಬರಿಗೆ ಇನ್ನೊಂದು 12 ಪೆನ್ನಿ. ಕುದುರೆ ತೆಗೆದುಕೊಂಡು ಹೋದವರು ಅದನ್ನು ದಾರಿಯಲ್ಲೇ ಮಾರಿಬಿಡುವ ಭಯ ಇತ್ತು. ಅದಕ್ಕೆ ಬಾಡಿಗೆ ಕುದುರೆಗೆ ಎದ್ದುಕಾಣುವ ಬರೆ ಹಾಕುತ್ತಿದ್ದರು. ಬರೆ ನೋಡಿದರೆ ಸಾಕು, ಇದು ಬಾಡಿಗೆಯದು ಅಂತ ಗೊತ್ತಾಗುತ್ತಿತ್ತು. ಆ ಕಾಲದ ಯೆಲ್ಲೋ ಬೋರ್ಡ್ ಅದು, ಕುದುರೆಯ ಚರ್ಮದ ಮೇಲೆ.

ಇಲ್ಲಿಂದ ಅರ್ಥ ಇಳಿಜಾರು ಹಿಡಿಯಿತು. ಬಾಡಿಗೆ ಕುದುರೆಗೆ ದಿನಕ್ಕೊಬ್ಬ ಸವಾರ. ಯಾರಿಗೂ ಅದು ತಮ್ಮದಲ್ಲ. ಕೊಟ್ಟ ದುಡ್ಡಿಗೆ ಎಷ್ಟು ಓಡಿಸಬಹುದೋ ಅಷ್ಟು ಓಡಿಸುತ್ತಾರೆ. ಹಾಗಾಗಿ ಹ್ಯಾಕ್ನಿ ಅಂದರೆ ದಣಿದ, ಬಡಕಲು ಕುದುರೆ ಅಂತಾಯಿತು. ಆಮೇಲೆ ಕೂಲಿಗೆ ದುಡಿದು ಸವೆಯುವ ಮನುಷ್ಯರಿಗೂ ಅದೇ ಹೆಸರು. 16ನೇ ಶತಮಾನದಲ್ಲಿ ಮೈಮಾರಿ ಬದುಕುವ ಹೆಂಗಸರನ್ನೂ ಈ ಪದದಿಂದ ಕರೆದಿದ್ದಾರೆ. ಶೇಕ್ಸ್‌ಪಿಯರನ ಒಂದು ನಾಟಕದಲ್ಲಿ ರಾಜ ನಾಲ್ಕನೇ ಹೆನ್ರಿ ಮಗನನ್ನು ಕೂರಿಸಿಕೊಂಡು ಬುದ್ಧಿ ಹೇಳುತ್ತಾನೆ. ನಾನೂ ನಿನ್ನ ಹಾಗೆ ಕಂಡಕಂಡಲ್ಲಿ ತಿರುಗಿ ಜನರ ಕಣ್ಣಿಗೆ ‘ಹ್ಯಾಕ್ನಿ’ ಆಗಿದ್ದರೆ ಈ ಸಿಂಹಾಸನ ಸಿಗುತ್ತಿರಲಿಲ್ಲ ಅನ್ನೋದು ಅವನ ಮಾತಿನ ತಾತ್ಪರ್ಯ. ನಮ್ಮಲ್ಲಿ ‘ಅತಿ ಪರಿಚಯ ಅವಜ್ಞೆಗೆ ದಾರಿ’ ಅನ್ನುವುದಿಲ್ವಾ, ಅದೇ ಮಾತು.

ಇನ್ನು ಗಾಡಿಯ ಕಡೆಗೆ ಬರೋಣ. ಕುದುರೆಯನ್ನು ಬಾಡಿಗೆಗೆ ಕೊಡುತ್ತಿದ್ದವರು ಆಮೇಲೆ ಕುದುರೆ ಕಟ್ಟಿದ ಸಾರೋಟನ್ನೂ ಬಾಡಿಗೆಗೆ ಬಿಟ್ಟರು. ಅದು ಹ್ಯಾಕ್ನಿ ಕೋಚ್. 1634ರಲ್ಲಿ ಕ್ಯಾಪ್ಟನ್ ಬೈಲಿ ಅನ್ನುವ ಹಳೆಯ ನಾವಿಕ ಲಂಡನ್ನಿನ ಸ್ಟ್ರ್ಯಾಂಡ್ ರಸ್ತೆಯ ಮೇಪೋಲ್ ಕಂಬದ ಹತ್ತಿರ ನಾಲ್ಕು ಸಾರೋಟು ನಿಲ್ಲಿಸಿದ. ಓಡಿಸುವವರಿಗೆ ಸಮವಸ್ತ್ರ ಕೊಟ್ಟ. ಎಲ್ಲಿಂದ ಎಲ್ಲಿಗೆ ಎಷ್ಟು ಅಂತ ದರ ಗೊತ್ತುಮಾಡಿದ. ಲಂಡನ್ನಿನ ಮೊದಲ ಟ್ಯಾಕ್ಸಿ ಸ್ಟ್ಯಾಂಡ್ ಅಂತ ಇದನ್ನೇ ಹೇಳುತ್ತಾರೆ. ಮರುವರ್ಷವೇ ರಾಜ ಚಾರ್ಲ್ಸ್ ಇವುಗಳಿಗೆ ಕಡಿವಾಣ ಹಾಕುವ ಆಜ್ಞೆ ಹೊರಡಿಸಿದ. ರಸ್ತೆಯಲ್ಲಿ ಜಾಗವಿಲ್ಲ, ಕುದುರೆ ಮೇವು ತುಟ್ಟಿಯಾಯಿತು ಅನ್ನುವ ದೂರು. 1654ರಲ್ಲಿ ಸಾರೋಟಿನವರ ಸಂಘಕ್ಕೆ ಕಾನೂನು ಬಂತು. 1662ರಲ್ಲಿ 400 ಲೈಸೆನ್ಸ್ ಅಂತ ಮಿತಿ ಹಾಕಿದರು. ಮುಂದೆ ಆ ಸಂಖ್ಯೆ ಏರುತ್ತಲೇ ಹೋಯಿತು.

ಈ ಸಾರೋಟುಗಳ ಒಂದು ವಿವರ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಎಷ್ಟೋ ಗಾಡಿಗಳು ಹೊಸದಾಗಿ ಮಾಡಿಸಿದವಲ್ಲ. ಶ್ರೀಮಂತರ ಮನೆಯಲ್ಲಿ ಹಳೆಯದಾಗಿ ಮಾರಿದವು. ಬಾಗಿಲ ಮೇಲೆ ಯಾವುದೋ ದೊಡ್ಡ ಮನೆತನದ ಲಾಂಛನ ಬಣ್ಣ ಮಾಸಿಕೊಂಡು ಹಾಗೇ ಇರುತ್ತಿತ್ತು. ಒಳಗೆ ಕಾಲಡಿ ಒದ್ದೆ ಹುಲ್ಲು. ಒಂದು ಕಾಲದಲ್ಲಿ ಯಾರ ಮನೆಯ ಮದುವೆಗೆ ಹೋಗಿದ್ದ ಗಾಡಿಯೋ, ಈಗ ಮಳೆಯಲ್ಲಿ ಗಿರಾಕಿಗಾಗಿ ಕಾಯುತ್ತಾ ನಿಂತಿದೆ. ಹ್ಯಾಕ್ನಿ ಅನ್ನುವ ಪದದ ಕಥೆಯೆಲ್ಲ ಆ ಮಾಸಿದ ಬಾಗಿಲಿನಲ್ಲೇ ಇದೆ ಅನಿಸುತ್ತೆ ನನಗೆ.

ಆಮೇಲಿನದು ನಿಮಗೆ ಗೊತ್ತಿರುವ ದಾರಿ. 1823ರಲ್ಲಿ ಫ್ರಾನ್ಸಿನಿಂದ ಹಗುರವಾದ ಎರಡು ಚಕ್ರದ ‘ಕ್ಯಾಬ್ರಿಯೋಲೆ’ ಬಂತು. ಜನ ಅದನ್ನು ‘ಕ್ಯಾಬ್’ ಅಂತ ಚಿಕ್ಕದು ಮಾಡಿದರು. ಮೇಕೆ ಮರಿಯ ಹಾಗೆ ಕುಪ್ಪಳಿಸುವ ಗಾಡಿ ಅಂತ ಆ ಹೆಸರಿನ ಅರ್ಥ. ದೂರ ಅಳೆದು ದರ ತೋರಿಸುವ ಟ್ಯಾಕ್ಸಿಮೀಟರ್ 1907ರಲ್ಲಿ ಲಂಡನ್ನಿನಲ್ಲಿ ಕಡ್ಡಾಯವಾಯಿತು. ಅಲ್ಲಿಂದ ‘ಟ್ಯಾಕ್ಸಿ’. ಮಾತಿನಲ್ಲಿ ಹ್ಯಾಕ್ನಿ ಹಿಂದೆ ಬಿತ್ತು. ಕಾನೂನಿನಲ್ಲಿ ಮಾತ್ರ ಉಳಿಯಿತು. 1831ರ ಲಂಡನ್ ಕಾಯ್ದೆ, ಬೇರೆ ಊರುಗಳಿಗೆ 1847ರ ಕಾಯ್ದೆ, ಎರಡೂ ಇದೇ ಹೆಸರು ಹಿಡಿದವು. ನೀವು ಟ್ಯಾಕ್ಸಿಯ ಹಿಂದೆ ನೋಡಿದ ಬರಹ ಅಲ್ಲಿಂದ ಬಂದದ್ದು. ಅದಕ್ಕೆ ಇವತ್ತಿಗೂ ಕೆಲಸವಿದೆ. ರಸ್ತೆಯಲ್ಲಿ ಕೈ ತೋರಿಸಿದರೆ ನಿಲ್ಲುವ, ಸ್ಟ್ಯಾಂಡಿನಲ್ಲಿ ಗಿರಾಕಿಗಾಗಿ ಕಾಯುವ ಹಕ್ಕು ಹ್ಯಾಕ್ನಿ ಕ್ಯಾರೇಜಿಗೆ ಮಾತ್ರ. ಮೊದಲೇ ಬುಕ್ ಮಾಡಿ ಕರೆಸುವ ಗಾಡಿಗೆ ಆ ಹಕ್ಕಿಲ್ಲ. ಲಂಡನ್ನಿನಲ್ಲಿ ಆ ಹಕ್ಕು ಬೇಕಾದರೆ ಚಾಲಕರು ಚೇರಿಂಗ್ ಕ್ರಾಸ್ ಸುತ್ತಲಿನ ಆರು ಮೈಲಿಯ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬೇಕು. 1865ರಿಂದ ಈ ಪರೀಕ್ಷೆ ಇದೆ. ಒಟ್ಟಿನಲ್ಲಿ ಪದ ಎಲ್ಲ ಕಡೆ ಮರ್ಯಾದೆ ಕಳಕೊಂಡರೂ ಟ್ಯಾಕ್ಸಿ ಓಡಿಸುವವರು ಅದನ್ನು ಮರ್ಯಾದೆಯಿಂದ ಉಳಿಸಿಕೊಂಡರು. ಅಮೆರಿಕದಲ್ಲಿ ಟ್ಯಾಕ್ಸಿ ಓಡಿಸುವವರ ಲೈಸೆನ್ಸಿಗೆ ‘ಹ್ಯಾಕ್ ಲೈಸೆನ್ಸ್’ ಅನ್ನುತ್ತಿದ್ದದ್ದೂ ಇದೇ ಕುದುರೆಯಿಂದ.

ಬರಹಗಾರನ ವಿಷಯ. ಹ್ಯಾಕ್ನಿ ಕುಗ್ಗಿ ‘ಹ್ಯಾಕ್’ ಆದಮೇಲೆ, 18ನೇ ಶತಮಾನದ ಲಂಡನ್ನಿನಲ್ಲಿ ಪುಸ್ತಕ ವ್ಯಾಪಾರಿಗಳು ಹೇಳಿದ್ದನ್ನು ಹಾಳೆಗಿಷ್ಟು ಅಂತ ಬರೆದುಕೊಡುವವರಿಗೆ ಆ ಹೆಸರು ಬಂತು. ಅವರಲ್ಲಿ ಅನೇಕರು ಗ್ರಬ್ ಸ್ಟ್ರೀಟ್ ಅನ್ನುವ ಬಡ ಬೀದಿಯಲ್ಲಿದ್ದರು. 1830ರಲ್ಲಿ ಆ ಬೀದಿಗೆ ಮಿಲ್ಟನ್ ಸ್ಟ್ರೀಟ್ ಅಂತ ಹೆಸರು ಬದಲಾಯಿಸಿದರು. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಈ ಬೀದಿಯ ಹೆಸರಿಗೆ ಅರ್ಥ ಬರೆಯುವಾಗ ಅಲ್ಲಿದ್ದವರ ಪಟ್ಟಿಯಲ್ಲಿ ನಿಘಂಟು ಬರೆಯುವವರನ್ನೂ ಸೇರಿಸಿದ್ದಾರೆ. ಜಾನ್ಸನ್ ಕೂಡ ಪತ್ರಿಕೆಗೆ, ಪುಸ್ತಕ ವ್ಯಾಪಾರಿಗಳಿಗೆ ಕೂಲಿಗೆ ಬರೆದು ಬದುಕಿದವರೇ. ನನಗೆ ಅನ್ನಿಸುವುದು ಇಷ್ಟು: ಕೂಲಿಗೆ ಬರೆಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹಾಗಾಗಿ ಹ್ಯಾಕ್ ಪದವನ್ನು ಕನ್ನಡಕ್ಕೆ ತರುವಾಗ ಬೈಗುಳವಾಗಿದ್ದರೆ ಮಾತ್ರ ‘ಬಾಡಿಗೆ ಬರಹಗಾರ’ ಅನ್ನಿ. ಬರೀ ಬಡತನ, ದುಡಿಮೆ ಹೇಳುವ ಕಡೆ ‘ಕೂಲಿಗೆ ಬರೆಯುವವರು’ ಸಾಕು.

‘ಹ್ಯಾಕ್ನೀಡ್’ಗೆ ನಮ್ಮಲ್ಲಿ ‘ಸವಕಲು’ ಅನ್ನುವ ಪದ ಸಿದ್ಧವಾಗಿದೆ. ಅದು ಚೆನ್ನಾಗಿ ಹೊಂದುತ್ತದೆ. ಸವಕಲು ಅಂದಾಗ ನಮ್ಮ ಕಣ್ಣಿಗೆ ಬರುವುದು ನಾಣ್ಯ. ಕೈಯಿಂದ ಕೈಗೆ ಹೋಗಿ ಹೋಗಿ ಮೇಲಿನ ಮುದ್ರೆ ಅಳಿಸಿದ್ದು. ಇಂಗ್ಲಿಷಿನವರಿಗೆ ಅದೇ ಜಾಗದಲ್ಲಿ ಕುದುರೆ ಇದೆ. ಎರಡೂ ಹಲವರ ಕೈಯಲ್ಲಿ ಹಾದು ಸವೆದವೇ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವ ಮನುಷ್ಯನಿಗೆ ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಇದ್ದೇ ಇದೆ.

ಇನ್ನು ಕಂಪ್ಯೂಟರ್ ಹ್ಯಾಕರ್. ಅದು ಕಡಿಯುವುದು, ಕೊಚ್ಚುವುದು ಅನ್ನುವ ಅರ್ಥದ ಬೇರೆ ಹಳೆಯ ಪದದಿಂದ ಬಂದದ್ದು. ಅಮೆರಿಕದ ಎಂಐಟಿ ಅನ್ನುವ ತಂತ್ರಜ್ಞಾನ ಸಂಸ್ಥೆಯಲ್ಲಿ ಆಟಿಕೆ ರೈಲಿನ ಕ್ಲಬ್ಬಿನ ಹುಡುಗರು 1955ರ ಸಭೆಯ ಟಿಪ್ಪಣಿಯಲ್ಲೇ ವೈರಿಂಗ್ ಜೊತೆ ಮಾಡುವ ಕೈಚಳಕಕ್ಕೆ ‘ಹ್ಯಾಕಿಂಗ್’ ಅಂತ ಬರೆದಿದ್ದಾರೆ. ಕುದುರೆಗೂ ಅದಕ್ಕೂ ನಂಟಿಲ್ಲ.

ಅನುವಾದ ಮಾಡುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಕಾಲದ ಕಥೆಯಲ್ಲಿ ಹೆಂಗಸೊಬ್ಬಳು ಹ್ಯಾಕ್ನಿ ಏರಿ ಬಂದಳು ಅಂತಿದ್ದರೆ ‘ಬಡಕಲು ಕುದುರೆ’ ಅಂತ ಬರೆಯಬೇಡಿ. ಅದು ಒಳ್ಳೆಯ ಸವಾರಿ ಕುದುರೆ. ಈಗಿನ ಕುದುರೆ ಪ್ರದರ್ಶನದ ಹ್ಯಾಕ್ನಿ ಆದರೆ ಅದು ಮುಂಗಾಲನ್ನು ಎದೆಯವರೆಗೆ ಎತ್ತಿ ಓಡುವ ಒಂದು ತಳಿ. ಹೆಸರನ್ನು ಹಾಗೇ ಇಡಿ. 17, 18ನೇ ಶತಮಾನದ ಲಂಡನ್ ಆದರೆ ‘ಬಾಡಿಗೆ ಸಾರೋಟು’. ‘ಜಟಕಾ’ ಅಂತ ಬರೆಯುವ ಆಸೆ ಆಗುತ್ತೆ, ನನಗೂ ಆಗುತ್ತೆ. ಆದರೆ ಜಟಕಾ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಒಂಟಿ ಕುದುರೆ, ಕಮಾನಿನ ಚಾವಣಿ, ಹುಲ್ಲಿನ ಮೇಲೆ ಹಾಸಿದ ಜಮಖಾನ, ‘ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ, ಹಿಂದೆ ಭಾರ ಜಾಸ್ತಿ ಆಯ್ತು’ ಅನ್ನುವ ಗಾಡಿಯವನು. ಲಂಡನ್ನಿನ ಸಾರೋಟಿಗೆ ಎರಡು ಕುದುರೆ, ನಾಲ್ಕು ಚಕ್ರ.

ಕೊನೆಯದಾಗಿ ನಮ್ಮ ದೇಶದ ಕಾನೂನು ಕಾಗದಗಳಲ್ಲಿ ಸಿಗುವ ಹ್ಯಾಕ್ನಿ. ಬ್ರಿಟಿಷರು 1879ರಲ್ಲೇ ಇಲ್ಲಿ ಹ್ಯಾಕ್ನಿ ಕ್ಯಾರೇಜ್ ಕಾಯ್ದೆ ತಂದರು. ಮದ್ರಾಸ್ ಪ್ರಾಂತ್ಯಕ್ಕೆ 1911ರಲ್ಲಿ ಬೇರೆ ಕಾಯ್ದೆ ಬಂತು. ಮಂಗಳೂರು, ಬಳ್ಳಾರಿ ಆಗ ಆ ಪ್ರಾಂತ್ಯದೊಳಗೇ ಇದ್ದವು. ಇಂಥ ಕಡೆ ‘ಬಾಡಿಗೆ ಗಾಡಿ’ ಅಂತ ಬರೆದರೆ ಎಲ್ಲಕ್ಕೂ ಹೊಂದುತ್ತದೆ. ಕೋಲ್ಕತ್ತದ 1919ರ ಕಾಯ್ದೆಗೂ ಇದೇ ಹೆಸರು. ಅಲ್ಲಿನ ಕೈರಿಕ್ಷಾಗಳು ಆ ಕಾಯ್ದೆಯ ಕೆಳಗೆ ಬರುತ್ತವೆ. ಅವನ್ನು ನಿಲ್ಲಿಸಲು 2006ರಲ್ಲಿ ತಂದ ಮಸೂದೆಯೂ ಹ್ಯಾಕ್ನಿ ಕ್ಯಾರೇಜ್ ತಿದ್ದುಪಡಿ ಮಸೂದೆಯೇ. ಅಲ್ಲಿ ಕುದುರೆ ಇಲ್ಲ. ಎರಡು ಮರದ ಹಿಡಿಗಳ ನಡುವೆ ನಿಂತು ಗಾಡಿ ಎಳೆಯುವವನು ಮನುಷ್ಯ. ಅವನ ಬೆರಳಿಗೆ ಒಂದು ಪುಟ್ಟ ಹಿತ್ತಾಳೆ ಗಂಟೆ ಸಿಕ್ಕಿಸಿರುತ್ತೆ. ಜನ ದಾರಿ ಬಿಡಲಿ ಅಂತ ಅದನ್ನು ಹಿಡಿಗೆ ತಾಗಿಸುತ್ತಾ ಓಡುತ್ತಾನೆ.